ವರಾಂಡದ ಕಾಡು

ನಮ್ಮ ಟೀಚರು ಮತ್ತೆ ಕೂತದ್ದನ್ನು ನಾನು ನೋಡಿದ್ದು ಅವರು ತೀರಿಕೊಂಡ ದಿನ. ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನ ಹಿಂದುಗಡೆ ಒಂದು ಹೆಂಚಿನ ಮನೆ. ಅದರ ನಡುಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟು ಕೂರಿಸಿದ್ದರು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣು ಮಾಡುವಾಗಲೂ ಕೂತ ಹಾಗೆಯೇ ಇಳಿಸುತ್ತಾರೆ. ನಮ್ಮ ಮನೆಯ ಕಡೆ ಆ ಪದ್ಧತಿ ಇಲ್ಲ, ನಾನು ಅದನ್ನು ನೋಡಿದ್ದು ಅದೇ ಮೊದಲು. ನನಗೆ ಆಗ ಹದಿನೇಳೋ ಹದಿನೆಂಟೋ. ಹೊಸ್ತಿಲಲ್ಲಿ ನಿಂತಾಗ ಮೊದಲು ಆದದ್ದು ದುಃಖವಲ್ಲ, ಅಯ್ಯೋ ಟೀಚರು ಕೂತುಬಿಟ್ಟರಲ್ಲ ಅನ್ನುವ ಗಾಬರಿ. ಐದಾರು ವರ್ಷದಿಂದ ಅವರು ಯಾರ ಎದುರಿಗೂ ಕೂತವರಲ್ಲ. ಅದು ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಾವು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಶಾಲೆಯಲ್ಲಿ ಮೂರು ಜನ ಟೀಚರುಗಳಿದ್ದರೂ ಬರೀ ಟೀಚರು ಅಂದರೆ ಅವರೊಬ್ಬರೇ. ಉಳಿದವರಿಗೆ ದಪ್ಪ ಟೀಚರು, ಲೆಕ್ಕದ ಟೀಚರು ಅಂತ ಬಾಲ ಇತ್ತು.

ಹಲಸೂರಿನಲ್ಲಿ ಸೌದೆ ಡಿಪೋದ ಪಕ್ಕ ನಮ್ಮ ಶಾಲೆ. ದಂಡು, ಅಂದರೆ ಬೆಂಗಳೂರು ಕಂಟೋನ್ಮೆಂಟು, ಆಗ ಇಂಗ್ಲಿಷರ ಆಡಳಿತದಲ್ಲಿತ್ತು. ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ದಖನಿ ಉರ್ದು, ಕಚೇರಿಯಲ್ಲಿ ಇಂಗ್ಲಿಷು, ಕನ್ನಡಕ್ಕೆ ಅಂತ ಉಳಿದದ್ದು ಈ ಬಾಡಿಗೆ ಮನೆ. ಅದರಲ್ಲೂ ಹೆಣ್ಣುಮಕ್ಕಳ ಶಾಲೆ. ನಮ್ಮ ಮನೆಯ ಮಾತು ತಮಿಳು. ಅಪ್ಪ ದೊರೆಯೊಬ್ಬರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದರು, ಫೀಸು ಕಡಿಮೆ ಅಂತ ನನ್ನನ್ನು ಅಲ್ಲಿಗೆ ಹಾಕಿದರು. ಇವತ್ತು ನಾನು ಬರೆಯುತ್ತಿರುವ ಕನ್ನಡ ಆ ಟೀಚರು ಹಾಕಿದ ಭಿಕ್ಷೆ. ತಪ್ಪಿದ್ದರೆ ಅದು ನನ್ನದು.

ಟೀಚರದು ಉದ್ದಕ್ಕೆ, ಸಣಕಲು ಮೈ. ಹಣೆಯಲ್ಲಿ ದೊಡ್ಡ ಕುಂಕುಮ. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು, ಗಂಟಿನೊಳಗೆ ಬೀದಿಯಲ್ಲಿ ಸಿಕ್ಕ ಸಾಮಾನು: ಗುಂಡಿ, ದಾರದ ತುಂಡು, ಟಾಮಿಗಳು, ಅಂದರೆ ಬಿಳಿ ಸಿಪಾಯಿಗಳು, ಸೇದಿ ಬಿಸಾಡಿದ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ. ನಡೆಯುತ್ತ ನಡೆಯುತ್ತ ಬಗ್ಗಿ ಹೆಕ್ಕುತ್ತಿದ್ದರು. ಒಂದು ಸಲ ಸಿಪಾಯಿಯೊಬ್ಬ ಅವರನ್ನು ಭಿಕ್ಷುಕಿ ಅಂದುಕೊಂಡು ಬಿಸ್ಕತ್ತು ಕೊಟ್ಟನಂತೆ. ಇವರು ಥ್ಯಾಂಕ್ಸ್ ಹೇಳಿ ತೆಗೆದುಕೊಂಡು, ಬಿಸ್ಕತ್ತು ನಮಗೆ ಹಂಚಿ, ಸುತ್ತಿದ್ದ ಕಾಗದವನ್ನು ಗಂಟಿಗೆ ಸೇರಿಸಿಕೊಂಡರು. ಯುದ್ಧ ನಡೀತಿತ್ತು, ಕಾಗದಕ್ಕೆ ಬರಗಾಲ. ಸ್ಲೇಟು ಬಿಟ್ಟರೆ ನಮಗೆ ಬೇರೆ ಗತಿ ಇರಲಿಲ್ಲ.

ಅಂಥ ಕಾಲದಲ್ಲಿ ಅವರು ನಮಗೆ ಒಂದು ಮಕ್ಕಳ ಕಾದಂಬರಿ ಓದಿ ಹೇಳುವುದಕ್ಕೆ ಶುರುಮಾಡಿದರು. ಇದ್ದದ್ದು ಒಂದೇ ಪ್ರತಿ. ರಟ್ಟು ಕಿತ್ತುಹೋಗಿ, ಬರೆದವರ ಹೆಸರೂ ಹೋಗಿತ್ತು. ಚೆನ್ನ ಅನ್ನುವ ಹುಡುಗ ಕಳೆದುಹೋದ ಎಮ್ಮೆಗರುವನ್ನು ಹುಡುಕಿಕೊಂಡು ಕಾಡು ಹೊಕ್ಕು, ದಾರಿ ತಪ್ಪಿ, ಹುಲಿ ಹೊಳೆ ಎಲ್ಲ ದಾಟಿ ಮನೆಗೆ ಬರುವ ಕಥೆ. ಈಗ ನೆನೆಸಿಕೊಂಡರೆ ಅಂಥ ಮಹಾ ಪುಸ್ತಕವೇನಲ್ಲ. ಬರೆದ ಮಹಾನುಭಾವರು ಕಾಡು ನೋಡಿದ್ದರೋ ಇಲ್ಲವೋ ನನಗೆ ಅನುಮಾನ. ಚೆನ್ನನಿಗೆ ಹಸಿವಾದಾಗಲೆಲ್ಲ ಕೈಗೆಟಕುವ ಹಾಗೆ ಒಂದು ಮಾವಿನ ಹಣ್ಣು ತೂಗಾಡುತ್ತಿತ್ತು.

ಶನಿವಾರ ಒಂದು ಅಧ್ಯಾಯ. ಓದಿ ಮುಗಿಸಿದ ಮೇಲೆ ಪ್ರಶ್ನೆ ಇಲ್ಲ, ಉತ್ತರ ಇಲ್ಲ, ಸಾರಾಂಶ ಇಲ್ಲ. ಸೋಮವಾರ ಬರುವಾಗ ಪ್ರತಿಯೊಬ್ಬಳೂ ಕೈಯಲ್ಲಿ ಏನಾದರೂ ಮಾಡಿಕೊಂಡು ಬರಬೇಕು. ಅಂಗಡಿಯಿಂದ ಏನೂ ತರಬಾರದು, ಮನೆಯಲ್ಲಿ ಅಡುಗೆಗೆ ಬೇಕಾದ್ದನ್ನು ಮುಟ್ಟಬಾರದು. ಇನ್ನೊಂದು ಷರತ್ತು: ಪುಸ್ತಕದಲ್ಲಿ ಇರುವುದನ್ನು ಮಾಡಬಾರದು, ಪುಸ್ತಕ ಬಿಟ್ಟದ್ದನ್ನು ಮಾಡಬೇಕು. "ಚೆನ್ನ ಬಾಗಿಲು ತೆಗೆದು ಹೊರಟ ಅಂತ ಬರೆದಿದ್ದಾರೆ. ಬಾಗಿಲು ಹೇಗಿತ್ತು ಅಂತ ಬರೆದಿಲ್ಲ. ಪಾಪ, ಮರೆತಿದ್ದಾರೆ. ನೀವು ಮಾಡ್ಕೊಡಿ" ಅನ್ನುತ್ತಿದ್ದರು.

ನಾವು ಮಾಡಿಕೊಟ್ಟೆವು. ಹಲಸೂರು ಕೆರೆಯ ಮಣ್ಣು, ಪಾತ್ರೆಯ ತಳಕ್ಕೆ ಹತ್ತಿದ ರಾಗಿ ಗಂಜಿಯ ಅಂಟು, ಇದ್ದಿಲು, ಬಟ್ಟೆಗೆ ಹಾಕುವ ನೀಲಿ, ಹುಣಸೆ ಬೀಜ, ತೆಂಗಿನ ನಾರು. ಹೊರಗಿನ ವರಾಂಡದಲ್ಲಿ ಸೌದೆ ಡಿಪೋದವರು ಕೊಟ್ಟ ಹಲಗೆಗಳನ್ನು ಉದ್ದಕ್ಕೆ ಜೋಡಿಸಿ ಅದರ ಮೇಲೆ ಕಾಡು ಬೆಳೆಸಿದೆವು. ದಂಡಿನ ಮಕ್ಕಳು ಕಾಡನ್ನು ಎಲ್ಲಿ ಕಂಡಿದ್ದವು? ನಮ್ಮ ಮರಗಳ ಬುಡದಲ್ಲಿ ಸಿಮೆಂಟು ಕಟ್ಟೆ ಇತ್ತು. ಶಮೀಮ್ ಅಂತ ನನ್ನ ಗೆಳತಿ, ಅವಳಪ್ಪನದು ಬ್ಲ್ಯಾಕ್‌ಪಲ್ಲಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಬಳೆ ಅಂಗಡಿ. ಅವಳು ಚೆನ್ನನ ಮನೆಯ ಮುಂದೆ ಎಮ್ಮೆಯ ಬದಲು ಆಡು ಕಟ್ಟಿ, ಒಲೆಯ ಮೇಲೆ ಮಣ್ಣಿನಲ್ಲೇ ಮಾಡಿದ ದೊಡ್ಡ ತಾಮ್ರದ ಹಂಡೆ ಇಟ್ಟಳು. ನಾನು ನಡುಕಾಡಿನಲ್ಲಿ ಒಂದು ದೀಪದ ಕಂಬ ನೆಟ್ಟೆ. ಅದಕ್ಕೆ ಬಾಂಬಿನ ಭಯಕ್ಕೆ ಬೀದಿದೀಪಗಳಿಗೆ ಆಗ ಹಾಕುತ್ತಿದ್ದ ಬ್ಲ್ಯಾಕ್‌ಔಟಿನ ಕಪ್ಪು ಕಾಗದದ ಟೋಪಿ ಬೇರೆ.

ಅವರು ಯಾವುದನ್ನೂ ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಇಲ್ಲ. ಎರಡೇ ಪ್ರಶ್ನೆ. ಇದೇನು? ಇಲ್ಲಿ ಯಾಕಿದೆ? ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಬೇಕು. ದೀಪದ ಕಂಬ, ಚೆನ್ನನಿಗೆ ದಾರಿ ಕಾಣಲಿ ಅಂತ ಇದೆ ಅಂದೆ. ಸರಿ ಅಂದು ಮುಂದಕ್ಕೆ ಹೋದರು. ಉತ್ತರ ಇದ್ದ ಮೇಲೆ ಆ ವಸ್ತು ಅಲ್ಲೇ ಇರುತ್ತಿತ್ತು, ಯಾರೂ ತೆಗೆಯುವ ಹಾಗಿಲ್ಲ. ಅದು ಅವರ ಕಾನೂನು.

ಮೊನ್ನೆ ನನ್ನ ಮರಿಮೊಮ್ಮಗಳು ಜೀವನ್ ಬಿಮಾ ನಗರದ ಮನೆಯಲ್ಲಿ ಕೂತು ಶಾಲೆಗೆ ಅಂತ ಶೂ ಡಬ್ಬದೊಳಗೆ ಕಾಡು ಮಾಡುತ್ತಿದ್ದಳು. ಅವಳಿಗೂ ಒಂದು ಮಕ್ಕಳ ಕಾದಂಬರಿಯೇ. ಮರ, ಹುಲ್ಲು, ಹುಲಿ ಎಲ್ಲ ಪೊಟ್ಟಣದಲ್ಲಿ ಬಂದಿತ್ತು. ಇದೇನೇ, ಇಲ್ಲಿ ಯಾಕಿದೆ ಅಂತ ಕೇಳಿದೆ. ಪೊಟ್ಟಣದಲ್ಲಿತ್ತು ಅಜ್ಜಿ ಅಂದಳು. ಮಗು ಸುಳ್ಳು ಹೇಳಲಿಲ್ಲ.

ನಮ್ಮ ಹೆಡ್‌ಮಾಸ್ಟರಿಗೆ ಈ ಕಾಡು ಕಂಡರೆ ಆಗುತ್ತಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಂಗಿಸುತ್ತಿದ್ದರು. ಆದರೂ ತಡೆಯಲಿಲ್ಲ. ಕಾರಣ ಹಲಸೂರಿಗೆಲ್ಲ ಗೊತ್ತಿತ್ತು. ಟೀಚರ ಯಜಮಾನರು ರಂಗೂನಿನಲ್ಲಿ ಮರದ ವ್ಯಾಪಾರದ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರು, ಆಮೇಲೆ ಊರನ್ನೇ ಹಿಡಿದರು. ಕಾಗದ ನಿಂತುಹೋಯಿತು. ಹಡಗು ಸಿಗದ ನಮ್ಮ ಜನ ಕಾಡು ಬೆಟ್ಟ ಹತ್ತಿ ಇಳಿದು ನಡೆದೇ ಬರುತ್ತಿದ್ದಾರೆ ಅಂತ ಸುದ್ದಿ ಬಂತು. ಟೀಚರ ಮನೆಯಲ್ಲಿ ಅತ್ತೆ ಒಬ್ಬರೇ. ಆ ಮುದುಕಿ ಬೆಳಗಿನಿಂದ ಸಂಜೆಯವರೆಗೆ ಬೀದಿಬಾಗಿಲಲ್ಲಿ ಕಾಯುತ್ತಿದ್ದರು. ಟೀಚರು ಶಾಲೆ ಬಿಟ್ಟ ಮೇಲೆ ದಂಡಿನ ಸ್ಟೇಷನ್ನಿಗೆ ನಡೆದುಕೊಂಡು ಹೋಗಿ ಮದ್ರಾಸಿನ ರೈಲಿನಿಂದ ಇಳಿದವರ ಮುಖ ನೋಡಿ ಬರುತ್ತಿದ್ದರು. ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡ ಹೆಂಗಸು ಮಕ್ಕಳ ಜೊತೆ ಮಣ್ಣಾಟ ಆಡಿಕೊಂಡರೆ ಆಡಿಕೊಳ್ಳಲಿ ಅಂತ ಹೆಡ್‌ಮಾಸ್ಟರು ಸುಮ್ಮನಿದ್ದರು.

ಚೆನ್ನನ ಪುಸ್ತಕ ಶುರುವಾದದ್ದು ಕಾಗದ ನಿಂತ ಮೇಲೆ. ಇದು ನಮಗೂ ಹೊಳೆದಿತ್ತು, ನಾವೇನು ಅಷ್ಟು ದಡ್ಡಿಯರಲ್ಲ. ಮರ ಪ್ರಾಣಿ ಹೊಳೆ ನಮ್ಮದಾದರೂ ದಾರಿಯನ್ನು ಮಾತ್ರ ಟೀಚರು ತಮ್ಮ ಕೈಯಿಂದಲೇ ಹಾಕುತ್ತಿದ್ದರು. ಕೆಮ್ಮಣ್ಣು ಜರಡಿ ಹಿಡಿದು, ಬೆರಳಿನಿಂದ ತಟ್ಟಿ, ವಾರವಾರ ಅಷ್ಟಷ್ಟು ಉದ್ದ ಮಾಡುತ್ತಿದ್ದರು. ಹೆಬ್ಬೆರಳಷ್ಟೆತ್ತರದ ಮಣ್ಣಿನ ಚೆನ್ನ ಒಬ್ಬನಿದ್ದ. ಸೋಮವಾರ ಸೋಮವಾರ ಒಬ್ಬೊಬ್ಬಳ ಸರದಿಯಂತೆ ಅವನನ್ನು ಒಂದು ಗೇಣು ಮುಂದಕ್ಕೆ ಇಡಬೇಕು. ವರಾಂಡದ ಆ ತುದಿಗೆ ಶಮೀಮಳ ಹಂಡೆಯ ಮನೆ.

ಚೆನ್ನ ಮನೆ ಮುಟ್ಟಿದ ದಿನ ಟೀಚರ ಯಜಮಾನರೂ ಬರುತ್ತಾರೆ ಅಂತ ಶಮೀಮ್ ಒಂದು ದಿನ ಹೇಳಿದಳು. ಅಷ್ಟೇ ಸಾಕಾಯಿತು. ಎಲ್ಲರೂ ನಂಬಿದೆವು. ಪ್ರಾರ್ಥನೆಗೆ ಮೊದಲೇ ಬಂದು ಕದ್ದು ಅವನನ್ನು ಮುಂದೆ ತಳ್ಳುವವರೂ ಇದ್ದರು. ಟೀಚರು ಗದರದೆ ಅವನನ್ನು ಹಿಂದಕ್ಕೆ ತಂದಿಟ್ಟು, "ಅವಸರ ಮಾಡಿದ್ರೆ ಕಾಲು ಉಳುಕತ್ತೆ ಕಣ್ರೇ, ನಿಧಾನಕ್ಕೆ ಬರ್ಲಿ" ಅನ್ನುತ್ತಿದ್ದರು. ಅವರೂ ನಂಬಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಚೆನ್ನನನ್ನು ಹಿಂದಿಡುವಾಗ ಅವನ ಕಾಲಿನ ಧೂಳು ಸೆರಗಿನಿಂದ ಒರೆಸುತ್ತಿದ್ದುದನ್ನು ನಾನು ನೋಡಿದ್ದೇನೆ.

ಕಥೆ ಅರ್ಧ ದಾಟಿದಾಗ ನಮ್ಮ ಕ್ಲಾಸಿಗೆ ಕಮಲ ಬಂದಳು. ಬರ್ಮಾದಿಂದ ನಡೆದು ಬಂದವಳು ಅಂತ ನಾವು ಅವಳನ್ನು ಬರ್ಮಾ ಕಮಲ ಅಂದೆವು. ಮೂಲ ಹಲಸೂರಿನವರೇ. ಅವಳಪ್ಪ ರಂಗೂನಿನಲ್ಲಿ ಬಡಗಿ. ಹೊರಟದ್ದು ನಾಲ್ಕು ಜನ, ಬಂದದ್ದು ಅವಳೂ ಅವಳಮ್ಮನೂ. ಅಪ್ಪ ದಾರಿಯ ಕ್ಯಾಂಪಿನಲ್ಲಿ ಕಾಲರಾ ಆಗಿ ಹೋದರು ಅಂತ ದೊಡ್ಡವರು ಹೇಳುತ್ತಿದ್ದರು. ತಮ್ಮನ ವಿಷಯ ಯಾರೂ ಎತ್ತುತ್ತಿರಲಿಲ್ಲ. ಕಮಲಳ ತಲೆ ಬೋಳಿಸಿದ್ದರು, ಕಾಲಿನ ಹುಣ್ಣು ಇನ್ನೂ ಮಾಗಿರಲಿಲ್ಲ. ನಡೆಯುವಾಗ ತಲೆ ಎತ್ತದೆ, ಮುಂದಿನವರ ಹಿಮ್ಮಡಿಯನ್ನೇ ನೋಡುತ್ತ ನಡೆಯುತ್ತಿದ್ದಳು. ನಮಗೆ ಅದು ತಮಾಷೆ. ಅವಳ ಮುಂದೆ ನಿಂತು ಸೊಟ್ಟ ಸೊಟ್ಟ ನಡೆದು, ಅವಳೂ ಸೊಟ್ಟಗೆ ನಡೆಯುತ್ತಾಳೋ ಅಂತ ನೋಡುತ್ತಿದ್ದೆವು.

ಟೀಚರು ಅವಳ ಜೊತೆ ತೀರಾ ಜೋಪಾನವಾಗಿದ್ದರು. ದಾರಿಯ ಸುದ್ದಿ ಒಂದನ್ನೂ ಕೇಳಲಿಲ್ಲ. ಕೇಳಬೇಕು ಅಂತ ಅವರ ಜೀವ ಎಷ್ಟು ಒದ್ದಾಡಿರಬೇಕು ಅಂತ ಈಗ ಅನ್ನಿಸುತ್ತದೆ. ಆಗ ಅವರು ಕಮಲಳಿಗೆ ಹೇಳಿದ್ದು ಒಂದೇ ಮಾತು, ನಿನಗೆ ಬೇಕಾದಾಗ ಮಾಡ್ಕೊಂಡು ಬಾ, ಬೇಡದಿದ್ರೆ ಬೇಡ.

ಅವಳು ಶನಿವಾರದ ಓದನ್ನು ಕೇಳುತ್ತಿದ್ದಳು. ಮಾವಿನ ಹಣ್ಣು ಬಂದಾಗ ಒಂದು ಸಲ ಜೋರಾಗಿ ನಕ್ಕುಬಿಟ್ಟಳು. ಆ ನಗು ಯಾರಿಗೂ ಹಿತವಾಗಲಿಲ್ಲ.

ಆಮೇಲೊಂದು ಸೋಮವಾರ ಅವಳು ಎಲ್ಲರಿಗಿಂತ ಮುಂಚೆ ಬಂದು ತನ್ನದನ್ನು ಇಟ್ಟಿದ್ದಳು. ನಾವು ಹೋದಾಗ ದಾರಿಯ ಎರಡೂ ಬದಿಗೆ, ಮರದ ಬುಡಬುಡದಲ್ಲಿ, ಸಣ್ಣ ಸಣ್ಣ ಮಣ್ಣಿನ ಬೊಂಬೆಗಳು. ಎಲ್ಲವೂ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದವು. ಬಹಳ ಇದ್ದವು. ಗಂಡಸು, ಹೆಂಗಸು, ಮಡಿಲಲ್ಲಿ ಗಂಟು ಇದ್ದವರು, ಮಗು ಇದ್ದವರು. ಯಾವುದಕ್ಕೂ ಮುಖ ಇರಲಿಲ್ಲ. ತೀರಾ ಚಿಕ್ಕದೊಂದು ಬೊಂಬೆ ಒಂಟಿಯಾಗಿತ್ತು. ನನ್ನ ದೀಪದ ಕಂಬವನ್ನು ಕಿತ್ತು ಅದರ ಪಕ್ಕಕ್ಕೆ ನೆಟ್ಟಿದ್ದಳು. ನಾನು ಜಗಳಕ್ಕೆ ಹೊರಟೆ. ಅಷ್ಟರಲ್ಲಿ ಟೀಚರು ಬಂದರು.

ಅವರು ಕುರ್ಚಿಯನ್ನು ವರಾಂಡಕ್ಕೆ ಹಾಕಿಸಿಕೊಂಡು ಕೂರುವುದು ರೂಢಿ. ಅವತ್ತೂ ಕೂತರು. ನೋಡಿದರು. ಕೊನೆಗೆ ತಮ್ಮ ಕಾನೂನಿನಂತೆ ಕೇಳಿದರು.

"ಇದೇನು, ಕಮಲ?"

"ಕೂತೋರು, ಟೀಚರ್."

"ಇಲ್ಲಿ ಯಾಕಿದ್ದಾರೆ?"

ಅವಳು ನಮ್ಮ ಹಾಗೆಯೇ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಸುಸ್ತಾಯ್ತು, ನೀವು ಮುಂದೆ ಹೋಗಿ, ಆಮೇಲೆ ಬರ್ತೀವಿ ಅಂದೋರು. ಕೂತೋರು ಯಾರೂ ಎದ್ದು ಬರ್ಲಿಲ್ಲ. ಹಿಂದಿನ ದಿನ ಕೂತೋರು, ಅದರ ಹಿಂದಿನ ದಿನ ಕೂತೋರು, ಎಲ್ಲಾ ಹಾಗೇ ಇದ್ರು. ನಮ್ಮಮ್ಮ ಕೂತ್ಕೋಬೇಡ ಕೂತ್ಕೋಬೇಡ ಅಂತ ನನ್ನ ಹೊಡ್ಕೊಂಡು ಕರ್ಕೊಂಡು ಬಂದ್ಲು. ತಮ್ಮ ಕೂತ."

ಪಕ್ಕದ ಡಿಪೋದಲ್ಲಿ ಸೌದೆ ಒಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಯಾವತ್ತೂ ಎರಡಕ್ಕಿಂತ ಹೆಚ್ಚು ಪ್ರಶ್ನೆ ಕೇಳದವರು ಅವತ್ತು ಮೂರನೆಯದನ್ನು ಕೇಳಿದರು.

"ಕೊರಳಲ್ಲಿ ಲಿಂಗ ಇದ್ದೋರು ಯಾರಾದ್ರೂ ಇದ್ರಾ, ಮಗು?"

"ಗೊತ್ತಿಲ್ಲ, ಟೀಚರ್. ನಾನು ಮುಖ ನೋಡ್ಲಿಲ್ಲ. ಕೂತೋರನ್ನ ನೋಡ್ಬೇಡ, ಮುಂದಿನೋರ ಕಾಲು ಮಾತ್ರ ನೋಡು ಅಂತ ಅಮ್ಮ ಹೇಳಿದ್ಲು. ನೋಡಿದ್ರೆ ನಾವೂ ಕೂತ್ಬಿಡ್ತೀವಂತೆ."

ಟೀಚರು ಕುರ್ಚಿಯಿಂದ ಎದ್ದರು. ಕಮಲಳ ತಲೆಯ ಮೇಲೆ ಕೈ ಇಟ್ಟರು. ಉತ್ತರ ಇದೆ, ಇವರು ಇಲ್ಲೇ ಇರ್ತಾರೆ, ಯಾರೂ ಮುಟ್ಟಬಾರದು ಅಂತ ನಮಗೆ ಹೇಳಿದರು. ಕುರ್ಚಿಯನ್ನು ಒಳಗಿಡು ಅಂತ ನನಗೆ ಹೇಳಿದರು. ಆಮೇಲೆ ಅವರು ಅದನ್ನು ಹೊರಗೆ ಹಾಕಿಸಲಿಲ್ಲ. ಅವತ್ತಿಂದ ಪಾಠ ಎಲ್ಲ ನಿಂತೇ.

ಮುಂದಿನ ಶನಿವಾರ ಪುಸ್ತಕ ತಂದರು, ಮೇಜಿನ ಮೇಲೆ ಇಟ್ಟುಕೊಂಡರು, ಓದಲಿಲ್ಲ. ಮಗ್ಗಿ ಹೇಳಿಸಿದರು. ಅದರ ಮುಂದಿನ ಶನಿವಾರವೂ ಅಷ್ಟೆ. ಚೆನ್ನ ಕೂತವರ ನಡುವೆ ಒಬ್ಬನೇ ನಿಂತಿದ್ದ. ಅವನನ್ನು ಮುಂದಿಡುವ ಸರದಿ ಯಾರದು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ಸ್ಟೇಷನ್ನಿಗೆ ಹೋಗುವುದನ್ನು ಮಾತ್ರ ಟೀಚರು ಬಿಡಲಿಲ್ಲ. ಹೋಗದಿದ್ದರೆ ಅತ್ತೆಗೆ ಏನು ಹೇಳುವುದು? ನೋಡ್ದೆ, ಇವತ್ತು ಬರ್ಲಿಲ್ಲ ಅಂತ ದಿನಾ ಹೇಳುವುದು, ಇನ್ನು ಬರಲ್ಲ ಅಂತ ಒಂದು ಸಲ ಹೇಳುವುದಕ್ಕಿಂತ ಸುಲಭ.

ಆಗ ಇನ್‌ಸ್ಪೆಕ್ಷನ್ ಬಂತು. ಹೆಡ್‌ಮಾಸ್ಟರು ವರಾಂಡಕ್ಕೆ ಬಂದು ನೋಡಿ ಬೆವತುಬಿಟ್ಟರು. ಯುದ್ಧದ ಬಗ್ಗೆ ಜನರ ಎದೆಗುಂದಿಸುವ ಮಾತು ಯಾರೂ ಆಡಬಾರದು ಅಂತ ಆಜ್ಞೆ ಇತ್ತು. ಬರ್ಮಾದ ವಿಷಯ ಎತ್ತಿದರೆ ಪೊಲೀಸರು ಬರುತ್ತಾರೆ ಅಂತ ಭಯ. ಅವರು ಕೆಟ್ಟವರಲ್ಲ, ಗ್ರಾಂಟು ನಿಂತರೆ ಶಾಲೆಗೆ ಬೀಗ ಬೀಳುತ್ತದೆ ಅನ್ನುವ ಚಿಂತೆ ಅವರದು. ಕಾಡು ಇರಲಿ, ಕಥೆ ಮುಗಿಸಿ ಹುಡುಗನನ್ನು ಮನೆ ಸೇರಿಸಿ, ಕೂತಿರುವ ಬೊಂಬೆಗಳನ್ನು ತೆಗೆಸಿಬಿಡಿ ಅಂತ ಕೈಮುಗಿದು ಕೇಳಿಕೊಂಡರು. ಟೀಚರು ತೆಗೆಯುವುದಿಲ್ಲ ಅಂದರು. ಕಥೆ ಮುಗಿಸುವುದಕ್ಕೂ ಆಗುವುದಿಲ್ಲ ಅಂದರು.

ಕಮಲ ಬಾಗಿಲ ಹತ್ತಿರವೇ ಇದ್ದಳು. ಹೆಡ್‌ಮಾಸ್ಟರು ಹೋದ ಮೇಲೆ ಅವಳು ಟೀಚರ ಸೆರಗು ಹಿಡಿದಳು.

"ಓದಿ, ಟೀಚರ್. ಚೆನ್ನನ್ನ ಕಳಿಸಿ. ಒಬ್ಬನಾದ್ರೂ ಹೋಗ್ಲಿ."

ಆ ಶನಿವಾರ ಅವರು ಉಳಿದ ಅಧ್ಯಾಯಗಳನ್ನೆಲ್ಲ ಒಂದೇ ಸಮ ನಿಂತು ಓದಿದರು. ಕೊನೆಯಲ್ಲಿ ಚೆನ್ನ ಮನೆಗೆ ಬರುತ್ತಾನೆ, ಅವನ ತಾಯಿ ಬಿಸಿ ರೊಟ್ಟಿ ಹಾಕುತ್ತಾಳೆ, ಎಮ್ಮೆಗರು ಮೊದಲೇ ಬಂದು ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ನಾವೆಲ್ಲ ಅತ್ತೆವು, ಟೀಚರು ಅಳಲಿಲ್ಲ. ಸೋಮವಾರ ಕಮಲ ಚೆನ್ನನನ್ನು ಕೈಗೆತ್ತಿಕೊಂಡು ದಾರಿಯ ಉದ್ದಕ್ಕೂ ನಡೆಸಿದಳು. ಕೂತವರ ಹತ್ತಿರ ಎಲ್ಲೂ ನಿಲ್ಲಿಸಲಿಲ್ಲ, ತಮ್ಮನ ಹತ್ತಿರವೂ ಇಲ್ಲ. ಬೇಗ ಬೇಗ ನಡೆಸಿಕೊಂಡು ಹೋಗಿ ಹಂಡೆಯ ಮನೆಯೊಳಗೆ ಇಟ್ಟು ಬಾಗಿಲು ಮುಚ್ಚಿದಳು. ಅವತ್ತು ಸಂಜೆ ಶಮೀಮೂ ನಾನೂ ಟೀಚರ ಹಿಂದೆಯೇ ಸ್ಟೇಷನ್ನಿಗೆ ಹೋದೆವು. ರೈಲು ಬಂತು, ಜನ ಇಳಿದರು, ಪ್ಲಾಟ್‌ಫಾರಂ ಖಾಲಿಯಾಯಿತು. ಶಮೀಮ್ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಇನ್‌ಸ್ಪೆಕ್ಟರು ಹ್ಯಾಟು ಹಾಕಿಕೊಂಡು ಬಂದ ನಮ್ಮವರೇ ಒಬ್ಬರು. ಕಾಡು ನೋಡಿ ಖುಷಿಪಟ್ಟರು. ಮಾವಿನ ಮರ ನೋಡಿದರು, ಹುಲಿ ನೋಡಿದರು. ಆಮೇಲೆ ಬಗ್ಗಿ ಇವೆಲ್ಲ ಏನು ಅಂತ ಕೇಳಿದರು. ಹೆಡ್‌ಮಾಸ್ಟರು ಯಾತ್ರಿಕರು ಅಂದರು. ಟೀಚರು, ಅಲ್ಲ ಸಾರ್, ಬರ್ಮಾದ ದಾರಿಯಲ್ಲಿ ಕೂತು ಸತ್ತೋರು, ಪುಸ್ತಕದಲ್ಲಿ ಬಿಟ್ಟುಹೋಗಿದ್ರು ಅಂದರು. ಯಾರು ಮಾಡಿದ್ದು ಅಂತ ಇನ್‌ಸ್ಪೆಕ್ಟರು ನಮ್ಮ ಕಡೆ ತಿರುಗಿದರು. ಕಮಲ ಎದ್ದು ನಿಲ್ಲಲು ಹೊರಟಳು. ಟೀಚರು ಅವಳ ಹೆಗಲು ಒತ್ತಿ ಹಿಡಿದು, ನಾನೇ ಮಾಡಿದ್ದು ಅಂದರು. ನಮಗೆ ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದ ಹೆಂಗಸು ನಮ್ಮೆದುರು ಹೇಳಿದ ಒಂದೇ ಸುಳ್ಳು ಅದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಂಗೂನು ಕಳೆದುಕೊಂಡವರು ಯಾರೋ, ಕೆಲಸ ಕಳೆದುಕೊಂಡವರು ನಮ್ಮ ಟೀಚರು. ಮುಂದಿನ ವಾರಕ್ಕೆ ಅವರು ಇರಲಿಲ್ಲ. ಜವಾನ ಕಾಡಿನ ಮೇಲೆ ಕೊಡಗಟ್ಟಲೆ ನೀರು ಸುರಿದ. ಸುಡದ ಮಣ್ಣು, ಕರಗುವುದಕ್ಕೆ ಎಷ್ಟು ಹೊತ್ತು? ಕೂತವರು, ಹುಲಿ, ಹಂಡೆ, ಚೆನ್ನ ಎಲ್ಲ ಕೆಸರಾಗಿ ವರಾಂಡದ ಮೆಟ್ಟಿಲಿಳಿದು ಚರಂಡಿಗೆ ಹೋಯಿತು. ಅದನ್ನು ನೋಡಬೇಡಿ ಅಂತ ದಪ್ಪ ಟೀಚರು ಕಿಟಕಿ ಮುಚ್ಚಿದರು. ಆ ಹೆಡ್‌ಮಾಸ್ಟರನ್ನೂ ಆ ಹ್ಯಾಟಿನವನನ್ನೂ ನಾನು ಈ ವಯಸ್ಸಿನಲ್ಲೂ ಕ್ಷಮಿಸಿಲ್ಲ. ಹೆಡ್‌ಮಾಸ್ಟರು ಕೆಟ್ಟವರಲ್ಲ ಅಂತ ಮೇಲೆ ಬರೆದಿದ್ದೇನೆ, ಅದೂ ನಿಜ.

ಕೃಷ್ಣರಾಜಪುರ ಮೈಸೂರು ಮಹಾರಾಜರ ಸೀಮೆ. ಇಂಗ್ಲಿಷರ ಕೋಪ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲೊಂದು ಹಳ್ಳಿ ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು, ಅತ್ತೆಯನ್ನು ಕರೆದುಕೊಂಡು ಹೋದರು. 'ಮಗ ಹಲಸೂರಿಗೆ ಬಂದು ಬಾಗಿಲು ತಟ್ಟಿದ್ರೆ?' ಅಂತ ಮುದುಕಿ ಜಟಕಾ ಹತ್ತಲು ಒಪ್ಪಲಿಲ್ಲವಂತೆ. ಮದ್ರಾಸಿನ ರೈಲು ಮೊದಲು ಕೃಷ್ಣರಾಜಪುರಕ್ಕೇ ಬರುತ್ತೆ, ಅಲ್ಲೇ ಇಳೀತಾರೆ ಅಂತ ಹೇಳಿ ಹತ್ತಿಸಿದರಂತೆ.

ನಾನು ಹೈಸ್ಕೂಲಿಗೆ ಬಂದ ಮೇಲೆ ಆಗಾಗ ಕಮಲಳ ಜೊತೆ ಅಲ್ಲಿಗೆ ಹೋಗಿದ್ದುಂಟು. ಈಗ ಇಂದಿರಾನಗರ ಅನ್ನುತ್ತಾರಲ್ಲ, ಆ ಕಡೆಯೆಲ್ಲ ರಾಗಿ ಹೊಲ. ರೈಲಿನಲ್ಲಿ ಕೂತರೆ ಹಸಿರು ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಟೀಚರು ಅಲ್ಲೂ ಯಾವುದೋ ಪುಸ್ತಕ ಓದಿ ಮಕ್ಕಳ ಕೈಯಲ್ಲಿ ಏನೇನೋ ಮಾಡಿಸುತ್ತಿದ್ದರು. ನಮಗೆ ಕಾಫಿ ಕೊಟ್ಟು ತಾವು ಕಂಬಕ್ಕೆ ಕೈ ಕೊಟ್ಟು ನಿಂತುಕೊಂಡೇ ಕುಡಿಯುತ್ತಿದ್ದರು. ಕಾಲು ಬಾತು ದಿಮ್ಮಿಯಾಗಿತ್ತು. ಒಂದು ದಿನ, ಕಮಲ ಇಲ್ಲದಾಗ, ಯಾಕೆ ಟೀಚರ್ ಕೂರಲ್ಲ ಅಂತ ಕೇಳಿಯೇಬಿಟ್ಟೆ. ಅತ್ತೆಗೆ ಕೇಳಿಸದ ಹಾಗೆ ತಗ್ಗಿದ ಧ್ವನಿಯಲ್ಲಿ ಹೇಳಿದರು.

"ಕೂತ್ರೆ ಎದ್ದೇಳೋಕಾಗಲ್ಲ ಅನ್ಸತ್ತೆ ಕಣೆ. ಅತ್ತೆ ಇದ್ದಾರೆ, ಅವರು ಇರೋವರೆಗೂ ನಿಂತಿರ್ಬೇಕು." ಸೆರಗಿನ ಗಂಟು ಬಿಗಿ ಮಾಡಿಕೊಂಡು, "ನಮ್ಮಲ್ಲಿ ಹೋದೋರನ್ನ ನಾಲ್ಕು ಜನ ಸೇರಿ ಕೂರಿಸ್ತಾರೆ. ನಮ್ಮನೆಯೋರಿಗೆ ಯಾರೂ ಇರ್ಲಿಲ್ಲ. ಅವರೇ ಕೂತ್ಕೊಂಡ್ರು" ಅಂದರು.

ಹಣೆಯ ಕುಂಕುಮ ತೆಗೆದಿರಲಿಲ್ಲ. ಅದೂ ಅತ್ತೆಗಾಗಿಯೇ. ಸತ್ತರು ಅಂತ ತಂತಿ ಬರಲಿಲ್ಲ, ಕರ್ಮ ಆಗಲಿಲ್ಲ, ಅಳುವುದಕ್ಕೆ ಒಂದು ದಿನ ಅಂತ ಗೊತ್ತಾಗಲಿಲ್ಲ. ಯುದ್ಧ ಮುಗಿದು ಊರೆಲ್ಲ ದೀಪ ಹಚ್ಚಿದಾಗಲೂ ಮುದುಕಿ, ಇನ್ನು ರೈಲುಗಳು ಸರಿಯಾಗಿ ಓಡ್ತವೆ, ನೋಡ್ತಿರು ಅಂತ ಸೊಸೆಗೇ ಸಮಾಧಾನ ಹೇಳಿದರಂತೆ.

ಅತ್ತೆ ಇರುವವರೆಗೂ ನಿಂತಿರುವುದು ಅವರಿಂದಾಗಲಿಲ್ಲ. ವಿಷಮಶೀತ ಜ್ವರ ಬಂತು. ಹಿಂದಿನ ವಾರದವರೆಗೂ ಜ್ವರದಲ್ಲೇ ನಿಂತು ಪಾಠ ಮಾಡಿದ್ದರಂತೆ. ಸುದ್ದಿ ಬಂದಾಗ ಕಮಲಳೂ ನಾನೂ ಹೊರಟೆವು. ಸ್ಟೇಷನ್ನಿನಿಂದ ಮನೆಗೆ ಹೋಗುವಾಗ ಅವಳು ಹಳೆಯ ಅಭ್ಯಾಸದಂತೆ ನನ್ನ ಹಿಂದೆ ಬಂದು, ನನ್ನ ಹಿಮ್ಮಡಿ ನೋಡಿಕೊಂಡು ನಡೆದಳು.

ಒಳಗೆ ಅತ್ತೆ ಸೊಸೆಯ ಪಕ್ಕದಲ್ಲಿ ಕೂತು ಅವರ ಮಂಡಿ ಸವರುತ್ತಿದ್ದರು. ನಮ್ಮನ್ನು ನೋಡಿ ಗುರುತು ಹಿಡಿದರು. "ನೋಡ್ರಮ್ಮ, ಇವಳು ಹೊರಟೇಬಿಟ್ಲು. ನಾಳೆ ಅವನು ಬಂದು ಎಲ್ಲಮ್ಮ ಅವಳು ಅಂದ್ರೆ ನಾನು ಏನಂತ ಹೇಳ್ಲಿ?" ಅಂದರು.

ಹೊತ್ತು ಇಳಿಯಿತು. ಗಂಡಸರು ಹೊರಗೆ ಅವರನ್ನು ಕೂರಿಸಿ ಹೊರುವ ವಿಮಾನ ಕಟ್ಟಿ ಮುಗಿಸಿದ್ದರು, ಎತ್ತಬೇಕು ಅಂತ ಅವಸರಪಡಿಸುತ್ತಿದ್ದರು. ಬಂದವರೆಲ್ಲ ಪಾದಕ್ಕೆ ಕೈಮುಟ್ಟಿ ಸರಿಯುತ್ತಿದ್ದರು. ನಾನೂ ಮುಟ್ಟಿ ಸರಿದೆ. ಕಮಲ ಬಾಗಿಲ ಹತ್ತಿರವೇ ತಲೆ ತಗ್ಗಿಸಿ ನಿಂತಿದ್ದಳು. ಕೂತಿರುವವರ ಕಡೆ ನೋಡುವುದಕ್ಕೆ ಅವಳಿಗೆ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೊರಗೆ ಕರೆದುಕೊಂಡು ಹೋಗೋಣ ಅಂತ ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡು ಒಳಗೆ ಹೋದಳು. ಟೀಚರ ಎದುರಿಗೆ, ಅವರ ಮಂಡಿಗೆ ತನ್ನ ಮಂಡಿ ತಾಗುವಷ್ಟು ಹತ್ತಿರ, ನೆಲದ ಮೇಲೆ ಕೂತಳು. ಆಮೇಲೆ ತಲೆ ಎತ್ತಿದಳು.

ಎತ್ತಬೇಕು, ಹೊತ್ತಾಯ್ತು, ಆ ಹುಡುಗೀನ ಏಳ್ಸಿ ಅಂತ ಯಾರೋ ಹೊರಗಿನಿಂದ ಕೂಗಿದರು. ನಾನು ಹೋಗಿ ಅವಳ ಹೆಗಲು ಮುಟ್ಟಿದೆ.

"ಇನ್ನೊಂಚೂರು ಇರು" ಅಂದಳು ಕಮಲ, ಕಣ್ಣು ತೆಗೆಯದೆ. "ಇವರೊಬ್ರ ಮುಖ ಆದ್ರೂ ನೋಡ್ಕೋತೀನಿ."